ಟೈ ಮಾಮನ ಗಂಟುಗಳು

ಮನುಷ್ಯ ಆಯಸ್ಸೆಲ್ಲ ಕೊರಳಿಗೆ ಟೈ ಹಾಕಿದ, ಆದರೆ ಒಂದು ದಿನವೂ ತಾನಾಗಿ ಕಟ್ಟಿಕೊಳ್ಳಲಿಲ್ಲ ಅಂದರೆ ನಂಬುತ್ತೀರಾ? ನಂಬಲೇಬೇಕು. ನಮ್ಮ ಟೈ ಮಾಮ ಅಂಥವರು.

ಮಾಮನಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ರಸ್ತೆ ಕಡೆಯ ದೊಡ್ಡ ಗಾಜಿನ ಪಕ್ಕದಲ್ಲೇ ಅವರ ಕೌಂಟರ್, ಮಧ್ಯಾಹ್ನವೆಲ್ಲ ಬಿಸಿಲು ನೇರ ಎದೆಯ ಮೇಲೆ. ಬಂದವರ ಕಿವಿಯ ಹಿಂದೆ ಕಡ್ಡಿ ಸರಿಮಾಡಿ ‘ಈಗ ಓದಿ ನೋಡಿ ಸಾರ್’ ಅನ್ನುವುದು. ಮಾಲೀಕರು ಆಚೆ ತಿರುಗಿದಾಗ ಟೈ ತುದಿಯಲ್ಲೇ ಗಾಜು ಒರೆಸಿಬಿಡುವುದು. ಟೈ ಇಲ್ಲದೆ ಆ ಅಂಗಡಿಯ ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ಕಟ್ಟುವುದೋ, ಮಾಮನಿಗೆ ತಲೆಕೆಳಗಾಗಿ ನಿಂತರೂ ಬರದು. ಅವರ ಹೆಂಡತಿ, ಮಾಮ ಅಂದಮೇಲೆ ಬೀದಿಯ ಮಕ್ಕಳಿಗೆಲ್ಲ ಅತ್ತೆ ಆಗಲೇಬೇಕಲ್ಲ, ಹೊಸ ಟೈ ಬಂದ ದಿನ ಅದನ್ನು ತಮ್ಮ ಮಂಡಿಗೇ ಸುತ್ತಿ ಗಂಟು ಹಾಕಿ, ಸಡಿಲಿಸಿ, ಬಾಗಿಲ ಹಿಂದಿನ ಮೊಳೆಗೆ ತೂಗುಹಾಕುತ್ತಿದ್ದರು. ಬೆಳಗ್ಗೆ ತಲೆ ತೂರಿಸಿ ಎಳೆದುಕೊಂಡರೆ ಮುಗಿಯಿತು. ಸಂಜೆ ಸಡಿಲಿಸಿ ಮತ್ತೆ ಮೊಳೆಗೆ.

ಒಮ್ಮೆ ಗಿರಾಕಿಯೊಬ್ಬರ ಮಗು ಆಡುತ್ತಾ ಆಡುತ್ತಾ ಆ ಗಂಟನ್ನು ಬಿಚ್ಚೇಬಿಟ್ಟಿತು. ಮಾಮ ಹೊಟ್ಟೆನೋವು ಅಂತ ಸುಳ್ಳು ಹೇಳಿ, ಮನೆಗೆ ಓಡಿಬಂದು ಕಟ್ಟಿಸಿಕೊಂಡು ವಾಪಸ್ಸು ಓಡಿದರು. ‘ಹೊಟ್ಟೆ ಹೇಗಿದೆಯಪ್ಪಾ?’ ಅಂತ ಮಾಲೀಕರು ಕೇಳಿದರೆ, ‘ಈಗ ಬಿಗಿಯಾಗಿದೆ ಸಾರ್’ ಅಂದರಂತೆ!

ಅದೆಲ್ಲ ಹಳೇ ಕಥೆ. ಈಗ ಮಾಮ ಕೆಲಸ ಬಿಟ್ಟು ಮನೆಯಲ್ಲಿದ್ದಾರೆ. ಪಕ್ಕದ ಬೀದಿಯಲ್ಲಿರುವ ಮಗಳಿಗೆ ತಿಂಗಳು ತುಂಬುತ್ತಾ ಬಂದಿದೆ. ಅತ್ತೆಗೆ ಮೊಮ್ಮಗುವಿಗೊಂದು ಕೌದಿ ಹೊಲಿಯುವ ಆಸೆ. ಪರದೆ, ಯೂನಿಫಾರ್ಮು ಅಂತ ಜೀವಮಾನವಿಡೀ ಊರಿಗೆಲ್ಲ ಹೊಲಿದುಕೊಟ್ಟ ಕೈ ಅದು. ಆದರೆ ಈಚೆಗೆ ಬೆರಳ ಗಿಣ್ಣುಗಳು ಊದಿಕೊಂಡು ಚಹಾ ಲೋಟ ಹಿಡಿಯುವುದೂ ಕಷ್ಟ. ಮಿಷನ್ ತುಳಿದು ಬಟ್ಟೆ ತಳ್ಳಬಲ್ಲರು, ಅಷ್ಟೇ. ಗಂಟು ಬಿಚ್ಚುವುದು, ಹೊಲಿಗೆ ಬಿಚ್ಚುವುದು ಇನ್ನು ಅವರಿಂದಾಗದು.

‘ರೀ, ಆ ಟೈಗಳನ್ನೆಲ್ಲ ಇಳಿಸಿ ಗಂಟು ಬಿಚ್ಚಿಕೊಡಿ. ಒಳ್ಳೇ ರೇಷ್ಮೆ, ಸುಮ್ಮನೆ ಧೂಳು ತಿಂತಿದೆ. ಇದೊಂದು ಕೌದಿ ಆಗಿಬಿಟ್ಟರೆ ಸಾಕು, ಆಮೇಲೆ ಮಿಷನ್ ಮುಚ್ಚಿಡ್ತೀನಿ.’

ಮಾಮ ಬಾಗಿಲ ಕಡೆ ಒಮ್ಮೆ ನೋಡಿದರು. ‘ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದರಂತೆ! ಏನವಸರ ನಿಂಗೆ?’ ಅಂದರು. ಮಾರನೇ ದಿನ ಕನ್ನಡಕ ಸಿಗುತ್ತಿಲ್ಲ ಅಂದರು. ಕನ್ನಡಕದ ಅಂಗಡಿಯಲ್ಲಿ ಕೂದಲು ನರೆಸಿಕೊಂಡ ಮನುಷ್ಯ ಹೇಳುವ ಮಾತೇ ಇದು! ಅದರ ಮರುದಿನ ಸೊಂಟ ಹಿಡಿದುಕೊಂಡಿತು. ನೆಪಕ್ಕೇನು ಬರವೇ?

ಕೊನೆಗೊಂದು ಬೆಳಗ್ಗೆ ಅತ್ತೆ ಚಹಾ ಲೋಟವನ್ನು ಮೇಜಿನ ಮೇಲೆ ಕುಕ್ಕಿದರು. ‘ಗೊತ್ತಾಯ್ತು ಬಿಡಿ. ಇವಳ ಕೈಲಿ ಇನ್ನೇನಾಗತ್ತೆ, ರೇಷ್ಮೆ ಹಾಳು ಮಾಡ್ತಾಳೆ ಅಂತ ತಾನೆ? ಬಾಯಿಬಿಟ್ಟು ಹೇಳಿ.’ ಹೇಳುತ್ತಲೇ ಅವರ ಕಣ್ಣು ತುಂಬಿ ಬಂತು.

‘ಅಯ್ಯೋ, ಅದಲ್ಲ ಕಣೇ!’ ಮಾಮ ಬಾಗಿಲ ಹಿಂದಿನ ಮೊಳೆಯತ್ತ ಕೈ ತೋರಿಸಿದರು. ‘ಅವೆಲ್ಲ ನಿನ್ನ ಕೈ ನೆಟ್ಟಗಿದ್ದಾಗ ನೀನು ಹಾಕಿದ ಗಂಟು. ಬಿಚ್ಚಿದರೆ ಮತ್ತೆ ಹಾಕೋಕೆ ನಿನಗೆ ಆಗಲ್ಲ, ನನಗೆ ಬರಲ್ಲ. ನಿನ್ನ ಆ ಕೈ ಅಲ್ಲೊಂದು ಕಡೆ ಉಳಿದಿದೆ ಅಂತ ದಿನಾ ಬೆಳಗ್ಗೆ ನೋಡ್ಕೋತೀನಿ. ಅದನ್ನೂ ಬಿಚ್ಚು ಅಂತೀಯಲ್ಲ.’

ಅತ್ತೆ ಕಣ್ಣೊರೆಸಿಕೊಂಡು ಗಂಡನನ್ನೇ ನೋಡಿದರು. ‘ಎಂಥಾ ಮನುಷ್ಯನಪ್ಪಾ ಇವರು! ಕಟ್ಟಿದವಳು ಎದುರಿಗೇ ಕೂತಿದ್ದರೆ ಇವರು ಬಾಗಿಲ ಹಿಂದೆ ನೋಡ್ತಾರಂತೆ. ತನ್ನಿ ಇಲ್ಲಿ. ಒಂದೇ ಒಂದು ಬಿಚ್ಚಿ. ಸಂಕಟ ಆದರೆ ಅಲ್ಲಿಗೇ ಬಿಟ್ಟುಬಿಡೋಣ.’

ಮಾಮ ಎಲ್ಲಕ್ಕಿಂತ ಹಳೆಯದನ್ನು ತಂದರು. ಒಂದು ಕಾಲಕ್ಕೆ ನೀಲಿಯಂತೆ, ಈಗ ಬೂದಿ ಬಣ್ಣ. ‘ಅಗಲದ ತುದೀನ ಕೆಳಗಿಂದ ಮೇಲಕ್ಕೆ ತಳ್ಳಿ... ಎಳೀಬೇಡ್ರೀ, ತಳ್ಳಿ! ಈಗ ಸುತ್ತು ಬಿಚ್ಚಿ,’ ಅಂತ ಅತ್ತೆ ಹೇಳುತ್ತಾ ಹೋದರು. ಗಂಟು ಬಿಟ್ಟುಕೊಂಡಿತು. ಅದರೊಳಗೆ, ಇಷ್ಟು ವರ್ಷ ಬಿಸಿಲೇ ಕಾಣದೆ ಮಡಿಚಿಕೊಂಡಿದ್ದ ಜಾಗ, ಅಚ್ಚ ನೀಲಿ! ಅಂಗಡಿಯಿಂದ ಇವತ್ತು ತಂದ ಹಾಗಿತ್ತು.

‘ಇದು ಈ ಬಣ್ಣ ಇತ್ತಾ?’ ಅಂದರು ಮಾಮ.

‘ಇದೇ ಬಣ್ಣಾರೀ. ಮೊದಲನೇ ದಿನ ಹಾಕ್ಕೊಂಡು ಹೊರಟಾಗ ಗೇಟಿನ ತನಕ ಬಂದು ನೋಡ್ತಾ ನಿಂತಿದ್ದೆ. ನೀವು ತಿರುಗಿ ಕೂಡ ನೋಡಲಿಲ್ಲ, ಬಸ್ಸು ತಪ್ಪುತ್ತೆ ಅಂತ ಓಡಿದಿರಿ.’

ಆಮೇಲೆ ಮಾಮನ ಕೈ ನಿಲ್ಲಲಿಲ್ಲ. ಒಂದೊಂದೇ ಟೈಯ ಗಂಟು ಬಿಚ್ಚಿ, ಅದರ ಬೆನ್ನ ಹೊಲಿಗೆ ಕತ್ತರಿಸಿ ಉದ್ದ ದಾರ ಎಳೆದರು, ಒಳಗಿನ ದಪ್ಪ ಬಟ್ಟೆ ತೆಗೆದಿಟ್ಟರು. ಉಗುರುಬೆಚ್ಚಗಿನ ನೀರಿಗೆ ಸ್ವಲ್ಪವೇ ಸೋಪು, ಕೆಂಪನ್ನು ಬೇರೆ ಬಕೆಟ್ಟಿಗೆ, ಹಿಂಡುವ ಹಾಗಿಲ್ಲ, ನೆರಳಲ್ಲೇ ಒಣಗಿಸಬೇಕು. ಎಲ್ಲದಕ್ಕೂ ಅತ್ತೆಯ ಅಪ್ಪಣೆ. ಇಸ್ತ್ರಿ ಮಾಡುವಾಗ ಮೇಲೊಂದು ತೆಳು ಬಟ್ಟೆ ಹಾಸಿದರು. ಟೈಯನ್ನು ಓರೆಯಾಗಿ ಕತ್ತರಿಸಿರುತ್ತಾರಲ್ಲ, ಜಗ್ಗದಿರಲಿ ಅಂತ ಹಿಂದುಗಡೆ ಹತ್ತಿ ಬಟ್ಟೆ ಇಟ್ಟು ಹೊಲಿಯಬೇಕು. ಪ್ರತಿ ಟೈಯಲ್ಲೂ ಗಂಟಿನೊಳಗಿನ ಹೊಸ ಬಣ್ಣದ ತುಂಡನ್ನು ಮಾಮ ಬೇರೆಯಾಗಿ ಕತ್ತರಿಸಿ ಹಳೇ ಕನ್ನಡಕದ ಡಬ್ಬಿಯಲ್ಲಿಟ್ಟರು. ಅತ್ತೆ ನಿಧಾನಕ್ಕೆ, ನೋವಾದಾಗ ನಿಲ್ಲಿಸಿ, ಮತ್ತೆ ತುಳಿದು ಹೊಲಿದರು. ಹೊಲಿಗೆ ಅಲ್ಲಲ್ಲಿ ಸೊಟ್ಟಗಾಯಿತು. ಮಾಮ ಕಂಡೂ ಕಾಣದವರ ಹಾಗಿದ್ದರು.

ಮಗು ಬಂತು. ಮಗಳು ಕೌದಿ ಹಾಸಿ ಅದನ್ನು ಮಲಗಿಸಿದಳು. ಸುತ್ತಲೂ ಮಾಸಿದ ಬಣ್ಣ, ನಡುವೆ ಮಗುವಿನ ಕೆಳಗೆ ಮಾತ್ರ ನೀಲಿ, ಕೆಂಪು, ಹಸಿರು ಝಗ್ಗೆನ್ನುತ್ತಿದ್ದವು.

‘ಅಪ್ಪಾ, ನಡುವಿನದಕ್ಕೆ ಹೊಸ ಬಟ್ಟೆ ತಂದ್ರಾ?’

‘ಇಲ್ಲ ಕಣಮ್ಮಾ, ಅದೂ ಹಳೇದೇ. ನಿಮ್ಮಮ್ಮ ಗಂಟು ಹಾಕಿ ಇಟ್ಟಿದ್ದಳು. ಬಿಚ್ಚೋಕೆ ನಾನೇ ಹೆದರಿಕೊಂಡಿದ್ದೆ.’

‘ಸಾಕು, ಚಹಾ ಆರ್ತಿದೆ,’ ಅಂದರು ಅತ್ತೆ. ಮಾಮ ಲೋಟವನ್ನು ಅವರ ಕೈಗಿಟ್ಟು, ಆ ಊದಿದ ಬೆರಳುಗಳ ಮೇಲೆ ತಮ್ಮ ಬೆರಳು ಸೇರಿಸಿ, ಅವರು ಕುಡಿದು ಮುಗಿಸುವ ತನಕ ಹಾಗೇ ಹಿಡಿದುಕೊಂಡಿದ್ದರು.