ಅಧ್ಯಕ್ಷರು ಅಲ್ಲಾಡಿಸಿದ ಪುಸ್ತಕ

ನಮ್ಮ ಶಾಲಾ ಸಮಿತಿಯ ಅಧ್ಯಕ್ಷರು ತಿಪಟೂರು ಮಾರುಕಟ್ಟೆಯ ಕೊಬ್ಬರಿ ವ್ಯಾಪಾರಿ. ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಸದ್ದಾದರೆ ಕೊಬ್ಬರಿ ಆಗಿದೆ ಎನ್ನುವವರು. ಏಳನೇ ತರಗತಿಯ ಹೊಸ ವಿಜ್ಞಾನ ಪುಸ್ತಕವನ್ನೂ ಹಾಗೇ ಅಲ್ಲಾಡಿಸಿದರು. ಕಾಯಿ ಒಡೆದು ಬಿಸಿಲಿಗೆ ಹಾಕಿದರೆ ಕೊಬ್ಬರಿಯಾಗುತ್ತದೆ ಎಂದು ತೆರೆದುಕೊಂಡ ಹಾಳೆಯಲ್ಲಿತ್ತು. ಒಡೆಯದೆ ವರ್ಷವಿಡೀ ಅಟ್ಟದ ಮೇಲೆ ಒಣಗಿಸುವ ಊರಿಗೆ ಈ ಪಾಠವೇ!

“ನಮ್ಮ ಮಕ್ಳು ಏನು ಓದ್ಬೇಕು ಅನ್ನೋದು ನಮಗೆ ಗೊತ್ತು ಕಣ್ರೀ ಮೇಷ್ಟ್ರೇ. ಹರೀರಿ ಆ ಹಾಳೇನ!”

ಮೇಷ್ಟ್ರು ನಮ್ಮೆಲ್ಲರ ಪುಸ್ತಕದಿಂದಲೂ ಹರಿದರು. ಹಾಳೆಯ ಹಿಂಬದಿಯಲ್ಲಿದ್ದ ಹೃದಯದ ಪಾಠವೂ ಹೋಯಿತು. ಪಬ್ಲಿಕ್ ಪರೀಕ್ಷೆಯ ದೊಡ್ಡ ಪ್ರಶ್ನೆಗಳೆಲ್ಲ ಹೃದಯದ ಮೇಲೇ ಬಂದವು; ತರಗತಿಗೆ ತರಗತಿಯೇ ಫೇಲು.

“ಇನ್ಮೇಲೆ ಪ್ರಶ್ನೆಪತ್ರಿಕೇನೂ ನಾವೇ ಮಾಡ್ಬೇಕು ಕಣ್ರೀ,” ಎಂದು ಅಧ್ಯಕ್ಷರು ತಲೆ ಅಲ್ಲಾಡಿಸಿದರು. ಪಕ್ಕದಲ್ಲೇ ನಿಂತು ಕಿವಿಗೊಟ್ಟೆ. ಒಳಗೆ ಸದ್ದೇ ಇಲ್ಲ.