ನನ್ನ ಚಪ್ಪರ, ಬೀನ್ಸಿನ ಹಠ

ಈಚೆಗೆ ನಾನು ಬೀನ್ಸ್ ಗಿಡಗಳಿಗೆ ನೇಣು ಹಾಕ್ದೆ. ಕೊಲ್ಲೋಕಲ್ಲ, ಬೆಳೆಸೋಕೆ.

ಶುರುವಿಂದ ಹೇಳ್ತೀನಿ. ಬೆಂಗಳೂರಲ್ಲಿ ಈಗ ಟೆರೇಸ್ ಇರೋರೆಲ್ಲಾ ರೈತರು. ಒಂದು ಕುಂಡದಲ್ಲಿ ಪುದೀನ ಚಿಗುರಿದ್ರೆ ಸಾಕು, ಪಕ್ಕದಲ್ಲಿ ನಿಂತು ರೀಲ್ಸ್ ಮಾಡಿ ಮಣ್ಣಿನ ನಂಟಿನ ಬಗ್ಗೆ ಭಾಷಣ ಬಿಗೀತಾರೆ. ಆ ಮಣ್ಣೂ ಆನ್‌ಲೈನಲ್ಲಿ ತರಿಸಿದ್ದು. (ನಾನೂ ತರಿಸ್ದೆ. ಮೂರನೇ ಮಹಡಿಗೆ ಹೊತ್ಕೊಂಡು ಬಂದ ಡೆಲಿವರಿ ಹುಡುಗ "ಒಳಗೆ ಏನಿದೆ ಸಾರ್?" ಅಂದ. "ಮಣ್ಣು" ಅಂದೆ. ಅವನು ಹತ್ತಿ ಬಂದ ಮೆಟ್ಟಿಲು ಒಂದ್ಸಲ ನೋಡ್ದ. ಆಮೇಲೆ ನನ್ನ ನೋಡ್ದ, ಅಷ್ಟೆ.)

ತೊಂದರೆ ಏನಂದ್ರೆ, ಟೆರೇಸ್ ನಂದಲ್ಲ. ಆರ್‌ಪಿಸಿ ಲೇಔಟಲ್ಲಿ ನಾನು ಬಾಡಿಗೆಗಿರೋ ಮನೆಯ ಓನರ್ ಗಿರಿಜಾ ಆಂಟೀದು. ಅದು ಅವರು ಹಪ್ಪಳ, ಸಂಡಿಗೆ ಒಣಗಿಸೋ ಜಾಗ. ಕಾಡಿ ಬೇಡಿ ಒಂದು ಮೂಲೆ ಕೇಳ್ದೆ.

"ತಗೊಳ್ಳಪ್ಪ. ಆದ್ರೆ ಒಂದು ಸಲಾನಾದ್ರೂ ನಮ್ಮನೆ ಪಲ್ಯಕ್ಕಾಗೋಷ್ಟು ಬೀನ್ಸ್ ಕೊಡ್ಬೇಕು. ಇಲ್ಲಾಂದ್ರೆ ಮೂಲೆ ವಾಪಸ್ಸು" ಅಂದ್ರು.

"ನಿಮ್ಮನೆಗೇನು ಆಂಟಿ, ಇಡೀ ಬೀದಿಗೇ ಹಂಚ್ತೀನಿ" ಅಂದೆ. ಬಾಯಿಗೇನು, ಅದು ಎಲ್ಲಿ ಬೇಕಾದ್ರೂ ಬೆಳೆ ತೆಗೆಯುತ್ತೆ.

ದಸರಾ ಮುಗೀತಿದ್ದಂಗೆ ಬೀಜ ಹಾಕ್ದೆ. ಮೊದಲ್ನೇ ಸಲ ಒಂದೂ ಹುಟ್ಲಿಲ್ಲ. ಮೊಳಕೆ ಬಂತಾ ಅಂತ ದಿನಾ ಬೆಳಗ್ಗೆ ಕೆದಕಿ ನೋಡ್ತಿದ್ರೆ ಯಾವ ಬೀಜ ತಾನೇ ಹುಟ್ಟುತ್ತೆ? ಎರಡನೇ ಸಲ ಆಫೀಸಲ್ಲಿ ಕೆಲಸ ಜಾಸ್ತಿ, ಕೆದಕೋಕೆ ಪುರುಸೊತ್ತಿರಲಿಲ್ಲ. ಸೊಗಸಾಗಿ ಬಂತು.

ನನ್ನ ತಲೆ ತಿರುಗ್ತು. ಬೊಂಬು ತಂದೆ, ನೈಲಾನ್ ಹಗ್ಗ ತಂದೆ, ಇಡೀ ಮೂಲೆಗೆ ಚಪ್ಪರ ಹಾಕ್ದೆ. ಅದರಡಿ ಒಂದು ಸಣ್ಣ ಮದುವೆ ಮಾಡಬಹುದಿತ್ತು. ಗಿಡಗಳು ಮಾತ್ರ ಮೊಣಕಾಲಿನವರೆಗೆ ಬಂದು ಅಲ್ಲೇ ನಿಂತ್ಕೊಂಡ್ವು. ಹತ್ತಲ್ಲ. ಸೋಮಾರಿಗಳು ಅಂತ ಬೈದೆ. ಕೊನೆಗೆ ಒಂದೊಂದರ ಕುತ್ತಿಗೆಗೂ ದಾರ ಕಟ್ಟಿ ಚಪ್ಪರಕ್ಕೆ ಎಳೆದು ಬಿಗಿದೆ. ಅರ್ಧಕ್ಕರ್ಧ ಗಿಡಗಳು ಬೇರು ಸಮೇತ ಎದ್ದು ನೇತಾಡಿದ್ವು.

ಫ್ರೆಂಡ್ ಮಂಜ ಬಂದವನು ನೇತಾಡ್ತಿದ್ದ ಒಂದು ಗಿಡ ಹಿಡಿದು ನೋಡಿದ.

"ಮಗಾ, ಇದು ಪೊದೆ ಬೀನ್ಸ್ ಕಣೋ. ಹತ್ತೋ ಜಾತಿನೇ ಅಲ್ಲ. ಪ್ಯಾಕೆಟ್ ಓದ್ಲಿಲ್ವಾ?"

"ಫೋಟೋ ನೋಡ್ದೆ."

"ಹುಡುಗಿ ನೋಡೋಕೆ ಹೋದಾಗ್ಲೂ ಹಿಂಗೇ ಮಾಡ್ಬೇಡ ಗುರು" ಅಂದು, ಟೀ ಕುಡಿದು ಹೋದ.

ಬದುಕುಳಿದ ಗಿಡಗಳು ದೊಡ್ಡ ಮನಸ್ಸು ಮಾಡಿದ್ವು. ಡಿಸೆಂಬರ್ ಕೊನೇಲಿ ಒಂದು ಬಟ್ಟಲು ತುಂಬ ಬೀನ್ಸ್ ಸಿಕ್ತು. ಎಳೇದು, ಮುರಿದ್ರೆ ಪಟ್ ಅನ್ನೋ ಅಂಥದ್ದು. ಮೂಲೆ ಉಳೀತು ಅಂತ ತಲೆ ಬಾಚ್ಕೊಂಡು ಕೆಳಗೆ ಹೋದೆ.

ಬಾಗಿಲು ತೆಗೀತಿದ್ದಂಗೆ ಘಮ್ ಅಂತು. ಹಾಲ್‌ನಲ್ಲಿ ಪೇಪರ್ ಹಾಸ್ಕೊಂಡು ಆಂಟಿ, ಅಂಕಲ್ ಇಬ್ಬರೂ ಸೊಗಡಿನ ಅವರೆಕಾಯಿ ಸುಲೀತಾ ಕೂತಿದ್ರು. ಒಳಗೆ ಹಿತಕಿದ ಬೇಳೆ ಸಾರು ಕುದೀತಿತ್ತು.

ಆಂಟಿ ನನ್ನ ಬಟ್ಟಲು ನೋಡಿ ಅಂಕಲ್‌ಗೆ ತೋರಿಸಿದ್ರು. ಅಂಕಲ್ ಕನ್ನಡಕ ಏರಿಸಿ ನೋಡಿದ್ರು.

"ಬೀನ್ಸು" ಅಂದೆ.

"ಗೊತ್ತಾಯ್ತಪ್ಪ. ಅವರೆಕಾಯಿ ಕಾಲದಲ್ಲಿ ಇದು ಯಾರಿಗೆ?" ಅಂದ್ರು ಆಂಟಿ.

"ಪಲ್ಯಕ್ಕೆ ಅಂತ ನೀವೇ ಕೇಳಿದ್ರಲ್ಲ ಆಂಟಿ."

"ಪಲ್ಯಕ್ಕೂ ಅವರೆಕಾಳೇ, ಉಪ್ಪಿಟ್ಟಿಗೂ ಅವರೆಕಾಳೇ. ಸಂಕ್ರಾಂತಿ ಕಳೀಲಿ, ಆಮೇಲೆ ತಗೊಂಡ್ ಬಾ."

"ಅಷ್ಟೊತ್ತಿಗೆ ಗಿಡ ಒಣಗೋಗಿರುತ್ತೆ ಆಂಟಿ."

"ಹಾಗಾದ್ರೆ ಕುಂಡ ಎತ್ತಿಬಿಡಪ್ಪ. ಚಪ್ಪರ ಇರ್ಲಿ, ಬೆಡ್‌ಶೀಟ್ ಒಣಗಾಕೋಕೆ ಚೆನ್ನಾಗಿದೆ. ಹೆಂಗೂ ಬಂದಿದೀಯ, ಕೂತ್ಕೊಂಡು ನಾಲ್ಕು ಕಾಯಿ ಸುಲಿ."

ಸುಲಿದೆ. ಇನ್ನೇನ್ ಮಾಡ್ಲಿ? ಊರಿಗೆ ಊರೇ ಅವರೆಕಾಯಿ ಸುಲೀತಾ ಕೂತಿರೋವಾಗ ಬೀನ್ಸ್ ಬೆಳೆದ ಬುದ್ಧಿವಂತನಿಗೆ, ಟೆರೇಸಿನ ಮೂಲೆ ಹಾಳಾಗ್ಲಿ, ಬಾಡಿಗೆಗೆ ಮನೆ ಕೊಟ್ಟಿರೋದೇ ಹೆಚ್ಚಲ್ವಾ?