ಗೋದಾಬಾಯಿಯ ದನಿಗೆ ಪೊಟ್ಟಣ ಕಟ್ಟುವ ಜಲಜಾಕ್ಷಿ

ಕೋಡಂಬಾಕ್ಕಂನ ಆ ಸಸ್ಯಾಹಾರಿ ಹೋಟೆಲಿನ ಶಟರ್ ಇನ್ನೂ ಅರ್ಧಕ್ಕಷ್ಟೇ ಎದ್ದಿದೆ. ಒಳಗೆ ಇಡ್ಲಿ ಪಾತ್ರೆಯಲ್ಲಿ ಮೊದಲ ಹಬೆ ಏಳುತ್ತಿದೆ. ಕೋಯಂಬೇಡಿನ ತರಕಾರಿ ಮಾರುಕಟ್ಟೆಯಿಂದ ಬಂದ ಗಾಡಿಯಿಂದ ಮೋನಪ್ಪ ಬೂದುಗುಂಬಳ ಇಳಿಸುತ್ತಿದ್ದಾರೆ. ಅವರ ಹೆಂಡತಿ ಜಲಜಾಕ್ಷಿ ಕ್ಯಾಶ್ ಕೌಂಟರಿನ ಹಿಂದೆ, ದೇವರ ಪಟದ ಕೆಳಗೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಾರೆ. ಪರದೆಯ ಮೇಲೆ ಅಕ್ಷರಗಳ ಸಾಲು ಸರಸರನೆ ಓಡಿ ಒಂದು ಕಡೆ ಕೆಂಪಗಾಗಿ ನಿಲ್ಲುತ್ತದೆ. ಅವರು ತುಟಿ ಕಚ್ಚಿ ಏನನ್ನೋ ತಿದ್ದುತ್ತಾರೆ, ಮತ್ತೆ ಓಡಿಸುತ್ತಾರೆ.

“ಕಾಫಿ ಗಿರಾಕಿಗಳು ಬರುವವರೆಗೆ ಮಾತ್ರ ನನ್ನ ಟೈಮು. ಅವರು ಬಂದ ಮೇಲೆ ಪ್ರಪಂಚ ಮುಳುಗಿದ್ರೂ ನಾನು ಇದನ್ನು ಮುಟ್ಟುದಿಲ್ಲ” ಎನ್ನುತ್ತಾರೆ.

ಇಷ್ಟು ಬೆಳಿಗ್ಗೆ ಮಾಡುವ ಕೆಲಸವಾದರೂ ಏನು ಎಂದು ಕೇಳಿದರೆ ನಗುತ್ತಾರೆ. “ಪಾರ್ಸೆಲ್ ಕಟ್ಟುದು. ಹಗಲು ಇಡ್ಲಿ, ಬೆಳಿಗ್ಗೆ ಸಾಫ್ಟ್‌ವೇರು.”

ಮಾತು ತಮಾಷೆಯದಾದರೂ ನಿಜ. ಜಗತ್ತಿನ ಬೇರೆ ಬೇರೆ ಊರುಗಳಲ್ಲಿ ಕೂತ ಸ್ವಯಂಸೇವಕರು ಸಾವಿರಾರು ಮುಕ್ತ ತಂತ್ರಾಂಶಗಳನ್ನು ಒಟ್ಟುಗೂಡಿಸಿ, ಒಂದಕ್ಕೊಂದು ಹೊಂದಿಸಿ, ಯಾರು ಬೇಕಾದರೂ ತಮ್ಮ ಕಂಪ್ಯೂಟರಿಗೆ ಹಾಕಿಕೊಳ್ಳುವಂತೆ ಬಿಟ್ಟಿಯಾಗಿ ಹಂಚುತ್ತಾರೆ. ಅದರಲ್ಲಿ ಒಂದೊಂದು ತಂತ್ರಾಂಶವನ್ನೂ ಪೊಟ್ಟಣ ಕಟ್ಟುವವರು ಬೇಕು. ದೋಸೆ ಕಟ್ಟಿ ಚಟ್ನಿ ಮರೆತರೆ ಗಿರಾಕಿ ಮನೆಯಿಂದಲೇ ಫೋನು ಮಾಡಿ ಬೈಯುತ್ತಾನಲ್ಲ, ಹಾಗೆಯೇ ಇಲ್ಲೂ ಒಂದು ಪೊಟ್ಟಣಕ್ಕೆ ಬೇಕಾದ ಇನ್ನೊಂದನ್ನು ಮರೆತರೆ ಎಲ್ಲಿಂದಲೋ ಬೈಗುಳ ಬರುತ್ತದೆ. ಹೀಗೆ ಇಪ್ಪತ್ತಕ್ಕೂ ಹೆಚ್ಚು ಪೊಟ್ಟಣಗಳು ಜಲಜಾಕ್ಷಿಯವರ ಹೊಣೆ. ಹೆಚ್ಚಿನವು ಕನ್ನಡದವು, ತುಳುವಿನವು. ಸಂಬಳವಿಲ್ಲ, ಊಟವಿಲ್ಲ, ಸನ್ಮಾನದ ಶಾಲೂ ಇಲ್ಲ.

ಪೊಟ್ಟಣ ಕಟ್ಟುವುದು ಅರ್ಧ ಕೆಲಸ. ಉಳಿದರ್ಧ, ಅದರ ಪರವಾನಗಿ ನೋಡುವುದು. ಬರೆದವರು ಯಾರು, ಯಾವ ಷರತ್ತಿನ ಮೇಲೆ ಕೊಟ್ಟಿದ್ದಾರೆ, ಇನ್ನೊಬ್ಬರು ತಿದ್ದಬಹುದೇ, ಹಂಚಬಹುದೇ? ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಎನ್ನುತ್ತದೆ ಗಾದೆ. ಜಲಜಾಕ್ಷಿಯವರದು ಒಂದೊಂದೇ ಹಲ್ಲು ಎಣಿಸುವ ಕೆಲಸ.

ಅವರ ತಂದೆ ಕಾರ್ಕಳ ಕಡೆಯಿಂದ ಅಡುಗೆ ಕೆಲಸಕ್ಕೆಂದು ಈ ತಮಿಳರ ಊರಿಗೆ ಬಂದವರು. ಜಲಜಾಕ್ಷಿ ಹುಟ್ಟಿದ್ದು, ಓದಿದ್ದು ಎಲ್ಲವೂ ಇಲ್ಲೇ, ತಮಿಳು ಶಾಲೆಯಲ್ಲಿ. ಕನ್ನಡ ಕಲಿತದ್ದು ಹೋಟೆಲಿಗೆ ಬರುತ್ತಿದ್ದ ಕನ್ನಡ ಪತ್ರಿಕೆಯನ್ನು ಅಪ್ಪನಿಗೆ ಓದಿ ಹೇಳುತ್ತ. ಕಂಪ್ಯೂಟರಿನಲ್ಲಿ ಡಿಪ್ಲೊಮಾ ಮುಗಿಸಿ, ಮೋನಪ್ಪನವರನ್ನು ಮದುವೆಯಾಗಿ, ಇದೇ ಹೋಟೆಲಿನಲ್ಲಿ ಬಿಲ್ಲಿಗೆ ಕೂತರು. ಮೋನಪ್ಪ ಅಡುಗೆಮನೆಯ ಉಸ್ತುವಾರಿ. ಒಮ್ಮೆ ಬಿಲ್ಲಿನ ತಂತ್ರಾಂಶ ತಿಂಡಿಗಳ ಹೆಸರನ್ನೆಲ್ಲ ಅಡ್ಡಾದಿಡ್ಡಿ ಮುದ್ರಿಸತೊಡಗಿತು. ಸರಿಮಾಡುವುದು ಹೇಗೆಂದು ಜಲಜಾಕ್ಷಿ ಆ ಸ್ವಯಂಸೇವಕರಿಗೆ ಬರೆದರು. ‘ನೀವೇ ತಿದ್ದಿ ಕಳಿಸಿ’ ಎಂದು ಉತ್ತರ ಬಂತು. ತಿದ್ದಿ ಕಳಿಸಿದರು.

“ನನ್ನ ಹೆಸರು ಹಾಕಿ ಥ್ಯಾಂಕ್ಸ್ ಅಂತ ಬರೆದಿದ್ರು. ಕೌಂಟರಲ್ಲಿ ಥ್ಯಾಂಕ್ಸ್ ಯಾರು ಹೇಳ್ತಾರೆ ಮಾರಾಯ್ರೆ? ಚಿಲ್ಲರೆ ಇಲ್ವಾ ಅಂತ ಕೇಳ್ತಾರೆ” ಎನ್ನುತ್ತಾರೆ. ಆ ಒಂದು ಥ್ಯಾಂಕ್ಸಿನ ಮೇಲೆ ಇಷ್ಟು ವರ್ಷ ದುಡಿದಿದ್ದಾರೆ. ಮಳೆಗಾಲದಲ್ಲಿ ಕರೆಂಟು ಹೋದಾಗ ಬ್ಯಾಟರಿ ಮುಗಿಯುವ ಮುಂಚೆ ಕೆಲಸ ಕಳಿಸಬೇಕೆಂದು ಒದ್ದಾಡಿದ್ದಾರೆ. ಕನ್ನಡಕದ ನಂಬರು ಏರಿದೆ. ಮುಖ ಕಾಣದವರ ಬೈಗುಳಗಳನ್ನು ಓದಿ ಅತ್ತದ್ದೂ ಉಂಟು.

ನಾನು ಅವರನ್ನು ನೋಡಲು ಹೋದಾಗ ಅವರ ತಲೆ ತಿನ್ನುತ್ತಿದ್ದುದು ಒಂದೇ ಪೊಟ್ಟಣ. ಅದು ಕನ್ನಡವನ್ನು ಗಟ್ಟಿಯಾಗಿ ಓದುವ ದನಿ. ಇದೇ ಊರಿನ ತಿರುವಲ್ಲಿಕೇಣಿಯ ಗೋದಾಬಾಯಿ ಎಂಬ ನಿವೃತ್ತ ಕನ್ನಡ ಟೀಚರು ಹತ್ತು ವರ್ಷದ ಹಿಂದೆ ಸಾವಿರಾರು ವಾಕ್ಯಗಳನ್ನು ಓದಿದರು. ಎಂಜಿನಿಯರಾಗಿದ್ದ ಅವರ ಅಣ್ಣನ ಮಗ ಕಿಟ್ಟು ಅದನ್ನು ಧ್ವನಿಮುದ್ರಿಸಿದರು. ಆ ಸದ್ದನ್ನು ತುಂಡು ಮಾಡಿ, ಬೇಕಾದ ಹಾಗೆ ಜೋಡಿಸಿ, ಯಾವ ಬರಹವನ್ನಾದರೂ ಯಂತ್ರ ಗೋದಾಬಾಯಿಯವರ ದನಿಯಲ್ಲೇ ಓದುತ್ತದೆ. ಕಣ್ಣು ಕಾಣದವರಿಗೆ ಇದೇ ಪತ್ರಿಕೆ, ಇದೇ ಪುಸ್ತಕ. ‘ಯಾರು ಬೇಕಾದರೂ ಹೇಗೆ ಬೇಕಾದರೂ ಬಳಸಿಕೊಳ್ಳಬಹುದು’ ಎಂದು ಕಿಟ್ಟು ಬರೆದುಕೊಟ್ಟಿದ್ದರಿಂದ ಜಲಜಾಕ್ಷಿ ನಿಶ್ಚಿಂತೆಯಿಂದ ಪೊಟ್ಟಣ ಕಟ್ಟಿದ್ದರು.

ಹೊಸ ಆವೃತ್ತಿಗೆ ಮೂಲ ಧ್ವನಿಮುದ್ರಣವನ್ನೂ ಪೂರ್ತಿ ಸೇರಿಸಬೇಕೆಂದು ತೀರ್ಮಾನವಾಯಿತು. ಕಿಟ್ಟು ಎಲ್ಲವನ್ನೂ ಕಳಿಸಿದರು. ಜಲಜಾಕ್ಷಿ ದಿನವೂ ಬೆಳಿಗ್ಗೆ ಒಂದಿಷ್ಟು ಕೇಳುತ್ತ ಹೋದರು. ಕಾಗೆಯ ಕೂಗು, ಬೀದಿಯಲ್ಲಿ ಸೊಪ್ಪು ಮಾರುವವಳ “ಕೀರೇ...” ಎಂಬ ರಾಗ, ಇವನ್ನೆಲ್ಲ ಗುರುತು ಹಾಕಿಕೊಂಡರು. ಕಟ್ಟಕಡೆಯ ತುಣುಕಿನಲ್ಲಿ ಮಾತ್ರ ಓದು ಇರಲಿಲ್ಲ, ಗೋದಾಬಾಯಿಯವರ ಸ್ವಂತ ಮಾತಿತ್ತು: “ಓದಿದ್ದೆಲ್ಲ ಕೃಷ್ಣಾರ್ಪಣ. ಇದು ವಿದ್ಯಾದಾನ. ಇದನ್ನ ಯಾರೂ ಕಾಸಿಗೆ ಮಾರಕೂಡದು. ಸಾಕಲ್ವೇನೋ ಕಿಟ್ಟು? ಫ್ಯಾನ್ ಹಾಕು, ಬೇಯ್ತಿದೆ.”

ಕೇಳಿದರೆ ಯಾರಾದರೂ ಕೈ ಮುಗಿಯುವಂಥ ಮಾತು. ಆದರೆ ಈ ಸ್ವಯಂಸೇವಕರ ಮೂಲ ನಿಯಮವೇ ಬೇರೆ. ಬಳಸಲು, ತಿದ್ದಲು, ಹಂಚಲು, ಬೇಕೆಂದರೆ ಮಾರಲೂ ಎಲ್ಲರಿಗೂ ಹಕ್ಕಿರಬೇಕು. ‘ಮಾರಬಾರದು’ ಎಂಬ ಷರತ್ತಿದ್ದರೆ ಅದು ಮುಕ್ತವಲ್ಲ. ಮುಕ್ತವಲ್ಲದ್ದನ್ನು ಮುಖ್ಯ ಸಂಗ್ರಹದಲ್ಲಿ ಇಡುವಂತಿಲ್ಲ. ಅಜ್ಜಿಯ ಪುಣ್ಯವೇ ಅಜ್ಜಿಯ ದನಿಗೆ ಅಡ್ಡ ಬಂದಿತ್ತು.

ಜಗತ್ತಿನ ಆ ತಂಡದಲ್ಲಿ ಪರವಾನಗಿ ಪರೀಕ್ಷಿಸುವವರಲ್ಲಿ ಯಾರಿಗೂ ಕನ್ನಡ ಬರುವುದಿಲ್ಲ. ಪರೀಕ್ಷಿಸುವ ಯಂತ್ರಗಳು ಅಕ್ಷರ ಓದುತ್ತವೆ, ಮಾತು ಕೇಳಿಸಿಕೊಳ್ಳುವುದಿಲ್ಲ. “ಆ ಒಂದು ತುಂಡು ಡಿಲೀಟ್ ಮಾಡಿ ಬಿಡು, ಯಾರಿಗೆ ಗೊತ್ತಾಗ್ತದೆ?” ಎಂದರಂತೆ ಮೋನಪ್ಪ. ಜಲಜಾಕ್ಷಿ ಎರಡು ದಿನ ಲ್ಯಾಪ್‌ಟಾಪನ್ನೇ ತೆರೆಯಲಿಲ್ಲ. ಮೂರನೆಯ ಬೆಳಿಗ್ಗೆ ತಮ್ಮ ಪೊಟ್ಟಣದ ಮೇಲೆ ತಾವೇ ದೂರು ದಾಖಲಿಸಿದರು. ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಎಂದರೆ ಇದೇ. ‘ತಿಳಿಸಿದ್ದಕ್ಕೆ ಧನ್ಯವಾದ, ಬಾಗಿಲು ಮುಚ್ಚುವ ಮೊದಲು ಬಗೆಹರಿಯದಿದ್ದರೆ ತೆಗೆದುಹಾಕುತ್ತೇವೆ’ ಎಂದು ತಂಡ ಬರೆಯಿತು. ಬಾಗಿಲು ಮುಚ್ಚಲು, ಎಂದರೆ ಹೊಸ ಆವೃತ್ತಿಗೆ ಪೊಟ್ಟಣ ಸೇರಿಸುವುದು ನಿಲ್ಲಲು, ಉಳಿದಿದ್ದುದು ಎರಡು ವಾರ.

“ಕಿಟ್ಟು ಸರ್ ಬರೆದುಕೊಟ್ಟಿದ್ದಾರೆ, ಸರಿ. ಆದ್ರೆ ದನಿ ಕಿಟ್ಟು ಸರ್‌ದ್ದಾ? ಗೋದಾಬಾಯಿ ಅಮ್ಮನದ್ದು. ಅಮ್ಮ ಬೇಡ ಅಂತ ಹೇಳಿದ್ದು ನನ್ನ ಕಿವಿಗೆ ಬಿದ್ದಾಯ್ತು. ಬಿದ್ದದ್ದನ್ನು ಬೀಳಲಿಲ್ಲ ಅಂತ ಹೇಗೆ ಮಾಡುದು?” ಎಂದು ನನ್ನನ್ನೇ ಕೇಳುತ್ತಾರೆ. ನಾನಾಗಿದ್ದರೆ ಡಿಲೀಟ್ ಮಾಡುತ್ತಿದ್ದೆನೋ ಏನೋ.

ಈ ಪ್ರಾಮಾಣಿಕತೆಯ ಬಿಸಿ ತಟ್ಟುವುದು ಗುರುಚರಣ ಅವರಂಥವರಿಗೆ. ವೆಸ್ಟ್ ಮಾಂಬಳಂನಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುವ ಅವರಿಗೆ ಹುಟ್ಟಿನಿಂದ ಕಣ್ಣು ಕಾಣದು. ರಿಚ್ಚಿ ಸ್ಟ್ರೀಟಿನ ಅಂಗಡಿಯವರೊಬ್ಬರು ಹಳೆಯ ಕಂಪ್ಯೂಟರುಗಳನ್ನು ರಿಪೇರಿ ಮಾಡಿ, ಈ ತಂತ್ರಾಂಶಗಳನ್ನೆಲ್ಲ ತುಂಬಿ ಅಗ್ಗಕ್ಕೆ ಮಾರುತ್ತಾರೆ. ಗುರುಚರಣ ಕೊಂಡದ್ದು ಅಲ್ಲಿ. ‘ಮಾರಬಾರದು’ ಎಂದರೆ ಆ ಅಂಗಡಿಯವರು ದನಿಯನ್ನು ತೆಗೆದೇ ಕಂಪ್ಯೂಟರು ಕೊಡಬೇಕು. ಹೊಸ ಆವೃತ್ತಿಯಲ್ಲಿ ದನಿ ಇರಲಿಕ್ಕಿಲ್ಲ ಎಂದು ಜಲಜಾಕ್ಷಿಯೇ ಗುರುಚರಣರಿಗೆ ಫೋನು ಮಾಡಿ ತಿಳಿಸಿದರು. ಅವರು ಫೋನಿಟ್ಟುಬಿಟ್ಟರು.

“ಕೋಪ ಬಂದಿತ್ತು, ಸುಳ್ಳು ಯಾಕೆ ಹೇಳ್ಲಿ?” ಎಂದರು ಗುರುಚರಣ ನನ್ನೊಡನೆ. “ಎಂಟು ವರ್ಷದಿಂದ ಬೆಳಗ್ಗೆ ಎದ್ದ ಕೂಡ್ಲೇ ನನಗೆ ಪೇಪರ್ ಓದಿ ಹೇಳ್ತಿರೋದು ಆ ಅಮ್ಮ. ಮುಖ ಗೊತ್ತಿಲ್ಲ, ಮನೆ ಗೊತ್ತಿಲ್ಲ. ನಾಳೆಯಿಂದ ಬರಲ್ಲ ಅಂದ್ರೆ ಹೇಗಿರುತ್ತೆ ಹೇಳಿ.”

ಜಲಜಾಕ್ಷಿಯವರ ವಾರದ ರಜೆಯಂದು ನಾವಿಬ್ಬರೂ ತಿರುವಲ್ಲಿಕೇಣಿಗೆ ಹೋಗುತ್ತೇವೆ. ಗೋದಾಬಾಯಿಯವರಿಗೆ ಈಗ ಎಂಬತ್ತನಾಲ್ಕು. ಹಿತ್ತಲ ಕಡೆಯ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಹತ್ತಿಯ ಬತ್ತಿ ಹೊಸೆಯುತ್ತಿದ್ದಾರೆ. ಕಿಟ್ಟು ವಿಷಯ ಬಿಡಿಸಿ ಹೇಳುತ್ತಾರೆ. ಅತ್ತೆ ಹಾಗೊಂದು ಮಾತು ಆಡಿದ್ದು ಅವರಿಗೆ ಮರೆತೇ ಹೋಗಿತ್ತಂತೆ. ಗೋದಾಬಾಯಿಯವರಿಗೆ ಮರೆತಿಲ್ಲ.

“ಮಾರ್ಲಿ ಅಂತ ನನ್ನ ಬಾಯಿಂದ ಹೇಳಿಸೋಕೆ ಬಂದಿದ್ದೀಯೇನಮ್ಮಾ? ಚುಮ್ಮಾ ಕೊಟ್ಟ ವಿದ್ಯೇನ ಅಂಗಡೀಲಿ ಇಡೋದಾ?”

“ಬಿಟ್ಟಿ ಬೇಕಾದವರಿಗೆ ಯಾವಾಗಲೂ ಬಿಟ್ಟಿಯೇ ಸಿಗ್ತದೆ ಅಮ್ಮ. ರಿಪೇರಿ ಮಾಡುವವರಿಗೂ ಹೊಟ್ಟೆ ಉಂಟಲ್ವಾ, ಅವರು ಕಂಪ್ಯೂಟರಿಗೆ ದುಡ್ಡು ತಗೊಳ್ತಾರೆ. ಅದರೊಳಗೆ ನಿಮ್ಮ ದನಿಯೂ ಇರ್ತದೆ.”

“ಅದು ಅವನ ವ್ಯಾಪಾರ. ನನ್ನ ದಾನ ಅದರೊಳಗೆ ಯಾಕೆ?”

ಜಲಜಾಕ್ಷಿ ವಾದ ಬೆಳೆಸುವುದಿಲ್ಲ. “ಆಯ್ತಮ್ಮ. ನಿಮ್ಮ ದನಿ, ನಿಮ್ಮ ಮಾತು. ನಾನು ತೆಗೀತೇನೆ” ಎಂದು ಎದ್ದು ಚೀಲ ಹೆಗಲಿಗೇರಿಸುತ್ತಾರೆ. ಇವರು ಇನ್ನೊಂದು ಮಾತು ಆಡಬಾರದೇ ಎಂದು ನನಗನ್ನಿಸುತ್ತದೆ.

“ಇರು, ಇರು. ಇಷ್ಟು ದೂರ ಬಂದಿದ್ದೀಯ. ಅದು ಹೆಂಗೆ ಓದತ್ತೆ, ಒಂದು ಸಲ ಕೇಳಿಸು” ಎನ್ನುತ್ತಾರೆ ಅಜ್ಜಿ. ತಮ್ಮ ದನಿ ಏನಾಯಿತೆಂದು ಅವರು ಒಮ್ಮೆಯೂ ಕೇಳಿರಲಿಲ್ಲ.

ಜಲಜಾಕ್ಷಿ ಲ್ಯಾಪ್‌ಟಾಪ್ ತೆರೆದು ಆ ದಿನದ ಪತ್ರಿಕೆಯನ್ನು ಓದಿಸುತ್ತಾರೆ. ಹತ್ತು ವರ್ಷ ಚಿಕ್ಕವರಾದ ಗೋದಾಬಾಯಿ ಟೊಮೆಟೊ ದರ ಓದುತ್ತಾರೆ, ಕ್ರಿಕೆಟ್ಟಿನ ಸ್ಕೋರು ಓದುತ್ತಾರೆ, ನಟಿಯೊಬ್ಬಳ ಮದುವೆಯ ಸುದ್ದಿಯನ್ನೂ ಓದುತ್ತಾರೆ. ಅಜ್ಜಿ ಬಾಯಿಗೆ ಸೆರಗು ಹಿಡಿದು ನಗುತ್ತಾರೆ. “ಅಯ್ಯೋ ಕಿಟ್ಟು, ಆಗ ಹಲ್ಲಿತ್ತು ನೋಡು! ಸಿನಿಮಾ ಸುದ್ದೀನೂ ನಾನೇ ಓದ್ತೀನೇನೋ? ಇದನ್ನೆಲ್ಲ ಯಾರಮ್ಮಾ ಕೇಳೋದು?”

ಜಲಜಾಕ್ಷಿ ಗುರುಚರಣರ ವಿಷಯ ಹೇಳುತ್ತಾರೆ. ಅವರ ಸಂಗೀತ, ಅವರ ಬೆಳಗಿನ ಪತ್ರಿಕೆ, ಅವರು ಫೋನಿಟ್ಟದ್ದು. ಅಜ್ಜಿಯ ಬೆರಳಲ್ಲಿ ಬತ್ತಿ ನಿಂತುಬಿಡುತ್ತದೆ.

“ದಾನ ಕೊಡುವಾಗ ಕೊನೇಲಿ ಏನಂತೀವೋ ಕಿಟ್ಟು?”

“ನ ಮಮ ಅಂತ, ಅತ್ತೆ.”

“ನನ್ನದಲ್ಲ ಅಂತ. ನೀರು ಬಿಟ್ಟ ಮೇಲೆ ಮುಗೀತು. ಗೋದಾನ ಕೊಟ್ಟು, ಹಾಲು ಮಾರಬೇಡ ಅಂತ ಇಸಕೊಂಡವರ ಮನೆ ತನಕ ಹಿಂದೆ ಹೋಗ್ತೀವಾ? ಆವತ್ತು ನಾನು ಕೊಟ್ಟೇ ಇಲ್ಲ ಕಣೋ. ಹಗ್ಗದ ಒಂದು ತುದಿ ಕೈಯಲ್ಲೇ ಹಿಡಕೊಂಡಿದ್ದೆ.” ಬತ್ತಿಯನ್ನು ಬದಿಗಿಟ್ಟು, “ತುಳಸಿ ತಗೊಂಡು ಬಾ. ನೀರೂ ಬೇಕು” ಎನ್ನುತ್ತಾರೆ.

ಕಿಟ್ಟು ಫ್ಯಾನ್ ಆರಿಸುತ್ತಾರೆ, ಜಲಜಾಕ್ಷಿ ಲ್ಯಾಪ್‌ಟಾಪಿನಲ್ಲಿ ಧ್ವನಿಮುದ್ರಣ ಶುರು ಮಾಡುತ್ತಾರೆ. ಗೋದಾಬಾಯಿ ಕೈಯಲ್ಲಿ ತುಳಸಿದಳ ಹಿಡಿದು, ಒಂದೊಂದೇ ಮಾತನ್ನು ಪಾಠ ಹೇಳುವ ಹಾಗೆ ಬಿಡಿಸಿ ಆಡುತ್ತಾರೆ: “ಈ ದನೀನ ಯಾರು ಬೇಕಾದ್ರೂ ಬಳಸ್ಲಿ, ತಿದ್ದಲಿ, ಹಂಚಲಿ, ಮಾರ್ಲಿ. ನ ಮಮ. ನನ್ನದಲ್ಲ.” ತಟ್ಟೆಗೆ ನೀರು ಬೀಳುವ ಸದ್ದೂ ಅದರಲ್ಲಿ ದಾಖಲಾಗುತ್ತದೆ. ತಂಡದವರಿಗೆ ಆ ಸದ್ದು ಸಾಲದಾದ್ದರಿಂದ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಸಹಿಯನ್ನೂ ಹಾಕುತ್ತಾರೆ. ಹಳೆಯ ಮಾತನ್ನು ಅಳಿಸಿಬಿಡು ಎಂದು ಅಜ್ಜಿ ಹೇಳಿದರೂ ಜಲಜಾಕ್ಷಿ ಒಪ್ಪುವುದಿಲ್ಲ. “ಮೊದಲು ಹೇಳಿದ್ದೂ ನೀವೇ ಅಲ್ವಾ ಅಮ್ಮ. ಎರಡೂ ಇರ್ಲಿ” ಎನ್ನುತ್ತಾರೆ. ವಾಪಸು ಬರುವ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಬಾಗಿಲು ಮುಚ್ಚುವ ಮುನ್ನ ಪೊಟ್ಟಣ ಒಳಗೆ ಸೇರಿತು. ದೂರು ಕೊಟ್ಟವರೇ ದೂರು ಮುಗಿಸಿದರು. ಅದರ ಮರುವಾರ ನಾನು ಹೋಟೆಲಿಗೆ ಹೋದಾಗ ಜಲಜಾಕ್ಷಿ ಇನ್ಯಾವುದೋ ಅಕ್ಷರ ವಿನ್ಯಾಸದ ಹಲ್ಲು ಎಣಿಸುತ್ತಿದ್ದರು. ಗುರುಚರಣ ಏನೆಂದರು ಎಂದು ಕೇಳಿದೆ.

“ಫೋನ್ ಮಾಡಿದ್ರು. ಹೊಸತು ಹಾಕಿಸ್ಕೊಂಡ್ರಂತೆ, ಅಜ್ಜಿ ಮೊನ್ನೆ ಹೇಳಿದ ಮಾತನ್ನೂ ಕೇಳಿದ್ರಂತೆ. ಆಮೇಲೆ, ‘ಅಮ್ಮನಿಗೆ ಇಷ್ಟೊಂದು ವಯಸ್ಸಾಗಿದೆಯಾ ಜಲಜಾಕ್ಷಿಯವರೇ? ನನಗೆ ಓದಿ ಹೇಳೋ ಅಮ್ಮನಿಗೆ ವಯಸ್ಸೇ ಆಗಿಲ್ಲವಲ್ಲ’ ಅಂದ್ರು.”

ಅಷ್ಟರಲ್ಲಿ ಮೊದಲ ಕಾಫಿಯ ಗಿರಾಕಿ ಶಟರಿನಡಿ ಬಗ್ಗಿ ಒಳಗೆ ಬಂದರು. ಜಲಜಾಕ್ಷಿ ಲ್ಯಾಪ್‌ಟಾಪ್ ಮುಚ್ಚಿ ಚಿಲ್ಲರೆಯ ಡಬ್ಬಿ ಎಳೆದುಕೊಂಡರು. ನಿಮಗೇನಾದರೂ ಆಸೆ ಉಂಟೇ ಎಂದು, ಇಂಥ ಲೇಖನ ಬರೆಯುವವರೆಲ್ಲ ಕೇಳುವ ಪ್ರಶ್ನೆಯನ್ನೇ ನಾನೂ ಕೇಳಿದೆ. ಅವರು ಟೋಕನ್ ಹರಿದುಕೊಡುತ್ತಲೇ ಹೇಳಿದರು:

“ಗುರುಚರಣ ಸರ್‌ನ ಒಂದು ಸಲ ತಿರುವಲ್ಲಿಕೇಣಿಗೆ ಕರ್ಕೊಂಡು ಹೋಗ್ಬೇಕು. ಅಜ್ಜಿ ಇರುವಾಗಲೇ.”